ವಾಲ್ವಿಗೆ ಸುತ್ತಿದ ಬಿಸಿ ಅರಿವೆ

ಮಿರಜದ ಹತ್ತಿರದ ಕುಪವಾಡ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ದಿನಕ್ಕೊಂದು ಶೆಡ್ಡು ಏಳುತ್ತಿದ್ದ ಕಾಲ. ದ್ರಾಕ್ಷಿಯ ಕೋಲ್ಡ್ ಸ್ಟೋರೇಜು ಕೆಡಲಿ, ಐಸ್‌ಕ್ರೀಮಿನ ಪೆಟ್ಟಿಗೆ ಕೆಡಲಿ, ಕರೆ ಬರುವುದು ತಂಪು ಯಂತ್ರದ ಮಿಸ್ತ್ರಿ ಕಲ್ಲಯ್ಯನಿಗೇ. ಕೊಳವೆ ಮುಟ್ಟಿ ರೋಗ ಹೇಳುತ್ತಿದ್ದ.

"ಊರಿಗೆಲ್ಲಾ ತಂಪ ಹಂಚ್ತೀರಿ, ನಮಗ ಮಾತ್ರ ಮಣ್ಣಿನ ಗಡಿಗಿ," ಎಂದು ಹೆಂಡತಿ ತಂಗೆವ್ವ ಚುಚ್ಚುತ್ತಿದ್ದಳು.

ಅವಳು ಒಂದು ಮುಂಜಾನೆ ಚಹಾಕ್ಕೆ ಇಟ್ಟವಳು ಒಲೆಯ ಮುಂದೆಯೇ ಕುಸಿದಳು. ಮಿರಜದ ದವಾಖಾನೆ ಮುಟ್ಟುವುದರೊಳಗೆ ಉಸಿರು ನಿಂತಿತ್ತು. ಒಬ್ಬನೇ ಮಗ ಪ್ರಥಮೇಶ ದ್ರಾಕ್ಷಿ ಲಾರಿ ಹೊಡೆದುಕೊಂಡು ದಿಲ್ಲಿ ದಾರಿ ಹಿಡಿದಿದ್ದ. ಸುದ್ದಿ ಇಂದೂರಿನ ಧಾಬಾದಲ್ಲಿ ಮುಟ್ಟಿತು. ಬರುವುದು ಮರುದಿನವೇ.

"ಅವಗ ಅವ್ವನ ಮಾರಿ ತೋರಸಲಾರದ ಹೆಂಗ ಮಣ್ಣ ಕೊಡ್ಲಿ?" ಎಂದ ಕಲ್ಲಯ್ಯ. ಹೆಣ ಇಡುವ ತಂಪು ಪೆಟ್ಟಿಗೆ ತರಿಸಿದರು. ಅದೂ ಕೆಟ್ಟಿತ್ತು. ಮೋಟಾರು ತಿರುಗುತ್ತಿತ್ತು, ತಂಪಿಲ್ಲ.

ಅವರದು ಲಿಂಗಾಯತ ಮನೆ, ಸತ್ತವರನ್ನು ಕುಳ್ಳಿರಿಸಿಯೇ ಮಣ್ಣು ಮಾಡುವ ಪದ್ಧತಿ. ತಂಗೆವ್ವನ ತಂಗಿ ಕೃಷ್ಣವ್ವ ಭಾವನಿಗೆ ಹೇಳಿದಳು: "ದಾಜಿ, ಮೊದಲ ಅಕ್ಕನ್ನ ಗ್ವಾಡಿಗೆ ಆನಿಸಿ ಕುಂಡ್ರಸ್ರಿ. ಮೈ ಸೆಟದ ಮ್ಯಾಲೆ ಆಗೂದಿಲ್ಲ."

"ಪೆಟಗ್ಯಾಗ ಮಲಗಸಾಕಷ್ಟ ಜಾಗ ಐತಿ, ಕೃಷ್ಣಾ. ಹುಡುಗ ಬರ್ಲಿ, ಆಮ್ಯಾಲೆ ಕುಂಡ್ರಸೂಣು," ಎಂದು ಕಲ್ಲಯ್ಯ ಪಾನಾ ಹಿಡಿದು ಪೆಟ್ಟಿಗೆಯ ಬೋಲ್ಟು ಬಿಚ್ಚತೊಡಗಿದ.

ಎಕ್ಸ್‌ಪಾನ್ಶನ್ ವಾಲ್ವಿನ ಆಚೆಯ ಕೊಳವೆ ಬೆಚ್ಚಗಿತ್ತು; ಗ್ಯಾಸು ಅಲ್ಲಿಂದ ಮುಂದೆ ಹಾಯುತ್ತಿರಲಿಲ್ಲ. ಅರಿವೆಯನ್ನು ಬಿಸಿನೀರಲ್ಲಿ ಅದ್ದಿ ವಾಲ್ವಿಗೆ ಸುತ್ತಿದ. ಸುಸ್ಸೆಂದು ಹರಿಯಿತು, ತುಸು ಹೊತ್ತಿಗೆ ಮತ್ತೆ ಕಟ್ಟಿತು. ಒಳಗೆ ಸೇರಿದ ನೀರಿನ ಹನಿ ವಾಲ್ವಿನ ಸಣ್ಣ ತೂತಿನಲ್ಲಿ ಬರ್ಫಾಗಿ ಕೂತಿತ್ತು. ಗ್ಯಾಸು ಬಿಟ್ಟ, ವಾಲ್ವು ಬಿಚ್ಚಿ ತೊಳೆದ, ತೇವ ಹೀರುವ ಡ್ರೈಯರ್ ಹೊಸದು ಹಾಕಿದ, ಪಂಪು ಹಚ್ಚಿ ಕೊಳವೆ ಒಣಗಿಸಿ ಮತ್ತೆ ಗ್ಯಾಸು ತುಂಬಿದ. ಪೆಟ್ಟಿಗೆ ತಣ್ಣಗಾಯಿತು. ತಂಗೆವ್ವನನ್ನು ತಾನೇ ಎತ್ತಿ ಮಲಗಿಸಿದ.

ಮರುದಿನ ಪ್ರಥಮೇಶ ಬಂದ. ಅವ್ವನ ಮುಖ ನಿದ್ದೆಯಲ್ಲಿದ್ದಂತೆಯೇ ಇತ್ತು. ಗಲ್ಲ ಮುಟ್ಟಿ, "ಎಷ್ಟ ತಣ್ಣಗ ಆಗ್ಯಾಳ್ರಿ ಅಪ್ಪಾ," ಎಂದು ಬಿಕ್ಕಿದ.

ಕುಳ್ಳಿರಿಸಲು ಎತ್ತಿದರೆ ಅವಳ ಸೊಂಟ ಬಾಗಲಿಲ್ಲ, ಮೊಣಕಾಲು ಮಡಿಯಲಿಲ್ಲ. ಕೃಷ್ಣವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ಕಲ್ಲಯ್ಯ ಒಳಗೆ ಹೋಗಿ ಬಿಸಿನೀರು ತಂದ. ತಂಗೆವ್ವನದೇ ಹಳೆ ಸೀರೆ ಹರಿದು, ಅದ್ದಿ ಹಿಂಡಿ, ಅವಳ ಮೊಣಕಾಲಿಗೆ ಸುತ್ತಿದ. ಕೈಯಿಟ್ಟು ಕಾಯ್ದ. ಆರಿತು, ಮತ್ತೆ ಅದ್ದಿದ, ಮತ್ತೆ ಸುತ್ತಿದ. ಶಾಸ್ತ್ರಕ್ಕೆ ಬಂದ ಅಯ್ಯನವರು ವಿಭೂತಿ ಹಿಡಿದು ಕಾಯ್ದರು. ಹೊತ್ತು ವಾಲಿತು.

ಪ್ರಥಮೇಶ ಅಪ್ಪನ ಕೈ ಹಿಡಿದ. "ಬಿಡ್ರಿ ಅಪ್ಪಾ. ಅವ್ವಗ ನೋವಾದೀತು."

ತಂಗೆವ್ವನನ್ನು ಮಲಗಿಸಿಯೇ ಮಣ್ಣು ಮಾಡಿದರು. ಕುಣಿಯ ದಂಡೆಯಲ್ಲೂ ಕಲ್ಲಯ್ಯನ ಮುಷ್ಟಿಯಲ್ಲಿ ಆ ಒದ್ದೆ ಅರಿವೆ ಇತ್ತು. ಯಾರೂ ಬಿಡಿಸಿಕೊಳ್ಳಲಿಲ್ಲ.