ಕೆಂಪಸಿದ್ದಯ್ಯನ ಒಪ್ಪಿಗೆಯಿಂದ

ನಮ್ಮೂರಿನ ಕೆಂಪಸಿದ್ದಯ್ಯನಿಗೆ ಸ್ವಂತ ಗದ್ದೆ ಇರಲಿಲ್ಲ, ಗಾಣ ಇರಲಿಲ್ಲ. ಇದ್ದದ್ದು ಬಲಗೈ ಒಂದೇ. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿದು ಗಟ್ಟಿಯಾಗುವ ಹೊತ್ತಿಗೆ ಆ ಕೈಯನ್ನು ತಣ್ಣೀರಲ್ಲಿ ಅದ್ದಿ, ಕೊಪ್ಪರಿಗೆಯಿಂದ ಚೂರು ಪಾಕ ತೆಗೆದು, ನೀರಿಗೆ ಬಿಟ್ಟು ಉಂಡೆ ಕಟ್ಟಿ, ಕೊಪ್ಪರಿಗೆಯ ಅಂಚಿಗೆ ಹೊಡೆಯುತ್ತಿದ್ದ. ಟಣ್ ಎಂದರೆ "ಇಳ್ಸ್ರಲಾ" ಎಂದು ಕೂಗುತ್ತಿದ್ದ. ಒಂದು ಗಳಿಗೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅವನು ಇಳಿಸಿದ ಬೆಲ್ಲ ಮದ್ದೂರು ಸಂತೆಯಲ್ಲಿ ಎಲ್ಲಕ್ಕಿಂತ ಮೊದಲು ಖಾಲಿಯಾಗುತ್ತಿತ್ತು. ಮಳವಳ್ಳಿ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದವರು ಇದು ಯಾರ ಕೈಯ ಬೆಲ್ಲ ಎಂದು ವಿಚಾರಿಸಿಯೇ ಕೊಳ್ಳುತ್ತಿದ್ದರು. ಅವನ ಹೆಂಡತಿ ಸೋಮಮ್ಮನ ತಂದೆ ಹಾಗೆ ಬಂದವನೇ, ಬೆಲ್ಲದ ಜೊತೆಗೆ ಅಳಿಯನನ್ನೂ ಗೊತ್ತುಮಾಡಿಕೊಂಡು ಹೋದನಂತೆ.

ನಾನು ಯೋಗಾನರಸಿಂಹ, ಆ ಊರಿನ ಸ್ಕೂಲು ಮೇಷ್ಟ್ರು. ಗೆಜ್ಜಲಗೆರೆಯ ಮಗ್ಗುಲಿನ ಸಣ್ಣ ಊರು ಅದು. ಅರ್ಜಿ ಬರೆಯಬೇಕಾದರೂ ಕಾಗದ ಓದಬೇಕಾದರೂ ಎಲ್ಲರೂ ನನ್ನ ಬಾಗಿಲಿಗೇ ಬರಬೇಕಿತ್ತು. ಅದರ ಜಂಭ ನನಗೆ ಸ್ವಲ್ಪ ಜಾಸ್ತಿಯೇ ಇತ್ತು.

ಮಂಡ್ಯ ಎಂದರೆ ಆಗಿನವರೆಗೆ ಒಂದು ರೈಲು ಸ್ಟೇಷನ್ನು, ನಾಲ್ಕು ಬೀದಿ. ಸಕ್ಕರೆ ಕಾರ್ಖಾನೆ ಶುರುವಾಗಿ ಎರಡು ವರ್ಷ ತುಂಬುವುದರೊಳಗೆ ಅದು ಸುತ್ತಮುತ್ತಲಿನದನ್ನೆಲ್ಲ ತನ್ನ ಕಡೆಗೆ ಎಳೆದುಕೊಂಡಿತು. ಮೊದಲು ಕಬ್ಬು ಹೋಯಿತು. ಅಷ್ಟೊಂದು ಗಾಡಿ ಸೇರುವ ಕಡೆ ಚಕ್ರ ರಿಪೇರಿಗೆ ಬರುತ್ತದೆಂದು ನಮ್ಮ ಬಡಗಿ ಹೋದ. ಸಾಲಲ್ಲಿ ಕಾಯುವ ಗಾಡಿಯವರಿಗೆ ಹಸಿವಾಗುತ್ತದೆಂದು ಮದ್ದೂರು ಸ್ಟೇಷನ್ನಿನ ಹತ್ತಿರ ಇಡ್ಲಿ ಮಾರುತ್ತಿದ್ದ ಪಟ್ಟಲಮ್ಮ ಹೋದಳು. ಬಡಗಿ ಹೋದನಲ್ಲ ಎಂದು ಕಮ್ಮಾರನೂ ಹೋದ. ಆಮೇಲೆ ನಮ್ಮೂರಿನವರು ನೇಗಿಲ ಗುಳ ತಟ್ಟಿಸಬೇಕಾದರೂ ಮಂಡ್ಯಕ್ಕೆ ಹೋಗಬೇಕಾಯಿತು. ಹೋದವರು ಬಟ್ಟೆಯನ್ನೂ ಅಲ್ಲೇ ಕೊಂಡರು, ಉಪ್ಪನ್ನೂ ಅಲ್ಲೇ ಕೊಂಡರು. ಮದ್ದೂರು ಸಂತೆ ವಾರ ವಾರಕ್ಕೂ ತೆಳ್ಳಗಾಯಿತು.

ಮರಿಯಯ್ಯನ ಆಲೆಮನೆ ಮಾತ್ರ ನಿಂತಿರಲಿಲ್ಲ. ಅವನು ಕೆಂಪಸಿದ್ದಯ್ಯನ ಜೊತೆ ಚಡ್ಡಿ ಹಾಕಿಕೊಂಡು ದನ ಕಾಯ್ದವನು, ಈಗ ಹತ್ತು ಎಕರೆ ಕಬ್ಬಿನ ಯಜಮಾನ. ನಮ್ಮ ಕಡೆ ಒಂದು ರೂಢಿಯಿತ್ತು. ಆಯುಧಪೂಜೆಯ ದಿನ ಗಾಣದ ಮುಂದೆ ಯಜಮಾನ ಪಾಕದವನಿಗೆ ವೀಳ್ಯ ಕೊಡಬೇಕು. ಅದನ್ನು ತೆಗೆದುಕೊಂಡ ಮೇಲೆ ಆ ವರ್ಷ ಪಾಕದವನು ಬೇರೆ ಒಲೆಯ ಕಡೆ ತಿರುಗಿಯೂ ನೋಡುವಂತಿಲ್ಲ. ಆ ವರ್ಷ ಮರಿಯಯ್ಯ ಹಬ್ಬಕ್ಕೆ ಹದಿನೈದು ದಿನ ಮೊದಲೇ ವೀಳ್ಯ ಹಿಡಿದುಕೊಂಡು ಮನೆಗೇ ಬಂದ.

"ಈಗ್ಲೇ ಯಾಕ್ಲಾ? ಹಬ್ಬ ಬರ್ಲಿ ಬುಡು," ಎಂದ ಕೆಂಪಸಿದ್ದಯ್ಯ.

"ಊರ್‌ಗ್ ಊರೇ ಮಂಡ್ಯದ್ ಕಡೆ ಮಕ ಮಾಡದೆ ಕಣ್ಲಾ. ನೀನೂ ಓಗ್ಬುಟ್ರೆ ನನ್ ಆಲೆಮನೆ ಗತಿ ಏನು? ಇಡ್ಕೋ."

ಕೈಬಿಡದ ಗೆಳೆಯ ಒಬ್ಬನಾದರೂ ಇದ್ದಾನಲ್ಲ ಎಂದು ಕೆಂಪಸಿದ್ದಯ್ಯನ ಕಣ್ಣು ತುಂಬಿತು. ಎರಡೂ ಕೈ ಒಡ್ಡಿ ತೆಗೆದುಕೊಂಡ.

ನಾಲ್ಕು ದಿನಕ್ಕೆ ಕಾರ್ಖಾನೆಯ ಗುಮಾಸ್ತರೊಬ್ಬರು ಸೈಕಲ್ಲಿನಲ್ಲಿ ಬಂದರು. ಪಾಕದ ಮನೆಗೆ ಬೆಲ್ಲದ ಕೆಲಸ ಬಲ್ಲವರು ಬೇಕು, ಕಾಯಂ ಕೆಲಸ, ಇರಲು ಮನೆ, ಸಂತೆಯಲ್ಲಿ ನಿಮ್ಮ ಹೆಸರು ಕೇಳಿ ಬಂದೆ ಎಂದರು. ಬಾಗಿಲ ಮರೆಯಿಂದ ಸೋಮಮ್ಮ ಒಪ್ಪಿಕೋ ಎಂದು ಕೈಸನ್ನೆ ಮಾಡಿದಳು.

"ವೀಳ್ಯ ಇಸ್ಕಂಡಿವ್ನಿ ಸ್ವಾಮಿ. ಈ ವರ್ಸ ಆಗಾಕಿಲ್ಲ," ಎಂದ ಈ ಪುಣ್ಯಾತ್ಮ.

"ಹಾಗಾದರೆ ನಿಮ್ಮ ಕೈಯಲ್ಲಿ ಕಲಿತವರು ಇದ್ದರೆ ಕಾಗದ ಕೊಟ್ಟು ಕಳಿಸಿ," ಎಂದು ಗುಮಾಸ್ತರು ಹೊರಟುಹೋದರು.

ಮಾರನೆಯ ದಿನ ಮರಿಯಯ್ಯ ಬಾಳೆಗೊನೆ ಹೊತ್ತುಕೊಂಡು ಸ್ಕೂಲಿಗೆ ಬಂದ. "ಮೇಷ್ಟ್ರೇ, ನನ್ ಅಳಿಯ ನಾಗಯ್ಯ ಕೆಂಪಸಿದ್ದಯ್ಯನ್ ತಾವ ನಾಕ್ ವರ್ಸ ಪಾಕ ಕಲ್ತವ್ನೆ ಅಂತ ಒಂದ್ ಕಾಗ್ದ ಬರ್ಕೊಡಿ. ಕೆಂಪಸಿದ್ದಯ್ಯನೇ ಯೇಳವ್ನೆ," ಎಂದ.

ನಾಗಯ್ಯ ಕೊಪ್ಪರಿಗೆಯ ಹತ್ತಿರ ಸುಳಿಯುತ್ತಿದ್ದದ್ದು ಬಿಸಿ ಬೆಲ್ಲ ತಿನ್ನುವುದಕ್ಕೆ ಮಾತ್ರ. ಅದು ನನಗೂ ಗೊತ್ತಿತ್ತು. ಕೆಂಪಸಿದ್ದಯ್ಯನೇ ಹೇಳಿರುವಾಗ ನಡುವೆ ನನ್ನದೇನು ಎಂದುಕೊಂಡೆ. ಅವನ ಮನೆ ಸ್ಕೂಲಿನ ಹಿಂದಿನ ಬೀದಿಯಲ್ಲೇ ಇತ್ತು, ಎದ್ದು ಹೋಗಲಿಲ್ಲ. ದುಂಡಗಿನ ಅಕ್ಷರದಲ್ಲಿ ಬರೆದು, ಕೊನೆಗೆ 'ಕೆಂಪಸಿದ್ದಯ್ಯನ ಒಪ್ಪಿಗೆಯಿಂದ' ಎಂದು ಸೇರಿಸಿ, ಸಹಿ ಹಾಕಿದೆ. ಬಾಳೆಹಣ್ಣು ಚೆನ್ನಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಇತ್ತ ಕೆಂಪಸಿದ್ದಯ್ಯ ಒಲೆಗೆ ಹೊಸ ಮಣ್ಣು ಮೆತ್ತಿದ, ಹುಣಿಸೆಹಣ್ಣು ಹಾಕಿ ಕೊಪ್ಪರಿಗೆ ಉಜ್ಜಿದ, ಗಾಣಕ್ಕೆ ಎಣ್ಣೆ ಬಿಟ್ಟ. ಕಬ್ಬು ಕಡಿಯುವ ದಿನ ಬೆಳಿಗ್ಗೆಯೇ ಸೌದೆ ಜೋಡಿಸಿಕೊಂಡು ಕೂತ. ತುಂಬಿದ ಗಾಡಿಗಳು ಆಲೆಮನೆಯ ಮುಂದೆ ನಿಲ್ಲದೆ ಮಂಡ್ಯದ ರಸ್ತೆಗೆ ತಿರುಗಿದವು. ಕೊನೆಯ ಗಾಡಿಯ ಮೇಲೆ ಮರಿಯಯ್ಯ ಕೂತಿದ್ದ.

"ಎಲ್ಗ್ಲಾ ಓಯ್ತಾ ಇದ್ದೀಯ?"

"ಕಾರ್ಖಾನೆಗೆ ಕಬ್ಬು ಕೊಡಾಕ್ ಒಪ್ಕಂಡಿವ್ನಿ ಕಣ್ಲಾ. ನಿನ್ ಬೆಲ್ಲ ಯಾವನ್ಗ್ ಬೇಕು ಈಗ?"

"ನಂಗೆ ವೀಳ್ಯ ಕೊಟ್ಟಿದ್ದಲ್ಲೋ!"

"ಎಲೆ ಅಡ್ಕೆ ತಾನೆ? ಅಗ್ದ್ ಉಗ್ದಾಕು."

ಕೆಂಪಸಿದ್ದಯ್ಯ ಆ ಗಾಡಿಗಳ ಹಿಂದೆಯೇ ನಡೆದುಕೊಂಡು ಮಂಡ್ಯಕ್ಕೆ ಹೋದ. ಗುಮಾಸ್ತರು ಗುರುತು ಹಿಡಿದು, ಬನ್ನಿ, ನಿಮ್ಮ ಶಿಷ್ಯನಿಗೇ ಆ ಕೆಲಸ ಕೊಟ್ಟೆವಲ್ಲ ಎಂದರು. ಯಾವ ಶಿಷ್ಯ ಎಂದದ್ದಕ್ಕೆ ಕಾಗದ ತೆಗೆದು ಓದಿ ಹೇಳಿದರು. ನಾನು ನಿಮ್ಮೂರಿಗೆ ಬರುವ ವಾರದ ಮೊದಲೇ ಮರಿಯಯ್ಯ ಕಬ್ಬಿನ ಒಪ್ಪಂದಕ್ಕೆ ಬಂದಿದ್ದರು, ಪಾಕದವರು ಬೇಕೆಂದು ಆಗಲೇ ಅವರಿಗೆ ಹೇಳಿದ್ದೆ ಎಂದರು. ಈಗ ಖಾಲಿ ಇರುವುದು ಕಬ್ಬು ಇಳಿಸುವ ಕೂಲಿ ಒಂದೇ ಎಂದರು.

ಸಂಜೆ ನಾನು ಸ್ಕೂಲಿಗೆ ಬೀಗ ಹಾಕುತ್ತಿದ್ದೆ. ಅವನು ಬಂದು ಮೆಟ್ಟಿಲ ಕೆಳಗೇ ನಿಂತು ನಡೆದದ್ದನ್ನೆಲ್ಲ ಹೇಳಿದ. "ಅದು ಸುಳ್ಳು ಕಾಗದ ಅಂತ ಅಲ್ಲೇ ಹೇಳಬಾರದಿತ್ತೇನಯ್ಯ!" ಎಂದೆ.

"ಯೇಳ್ಬೋದಿತ್ತು. ಸುಳ್ಳಿಗೆ ಸಯಿ ಆಕ್ದೋರು ನೀವು. ಸರ್ಕಾರದ್ ಕೆಲ್ಸ, ಒಂದ್ಸಲ ಕೈತಪ್ಪುದ್ರೆ ಬತ್ತದಾ? ಮಕ್ಳು ಮರಿ ಇರೋರು ಅಂತ ಸುಮ್ಕಾದೆ," ಎಂದ. ಆಮೇಲೆ, "ಮರಿಯಯ್ಯ ಸರಿ, ಅವ್ನ್ ಬುದ್ಧಿನೇ ಅಷ್ಟು. ನೀವಾದ್ರೂ ನನ್ನ ಒಂದ್ ಮಾತ್ ಕೇಳ್ಬೋದಿತ್ತಲ್ಲ ಮೇಷ್ಟ್ರೇ," ಎಂದ.

ಆ ವಾರವೇ ಗಂಡ ಹೆಂಡತಿ ಪಾತ್ರೆ ಪಡಗ ಕಟ್ಟಿಕೊಂಡು ಕಬ್ಬು ಇಳಿಸುವ ಕೂಲಿಗೆ ಮಂಡ್ಯಕ್ಕೆ ಹೋದರು. ನಾನು ಇನ್ನೂ ಹನ್ನೊಂದು ವರ್ಷ ಆ ಊರಲ್ಲಿ ಮೇಷ್ಟ್ರಾಗಿದ್ದೆ, ಅವನು ಉಳಿಸಿಕೊಟ್ಟ ಕೆಲಸದಲ್ಲಿ.