ಕನಕರಾಜುವಿನ ಮಂಡ್ಯದವಳು

ಸೋಮನಹಳ್ಳಿಯ ಕನಕರಾಜು ಗೆಜ್ಜಲಗೆರೆಯ ಕಾರ್ಖಾನೆಯಲ್ಲಿ ಮಿಷನ್ನು ನಡೆಸುವವನು. ನಲವತ್ತರ ಆಸುಪಾಸು, ಆಳೂ ಗಟ್ಟಿ, ಮಾತೂ ಗಟ್ಟಿ. ಜೊತೆಯವರು ಪೋಲಿ ಮಾತಾಡಿದರೆ ಎಲ್ಲರಿಗಿಂತ ಜೋರಾಗಿ ನಗುವವನೂ ಇವನೇ. ಮನೆಗೆ ಬಂದರೆ ಮಾತ್ರ ಬಾಯಿಗೆ ಬೀಗ. ಶಿಫ್ಟು ಮಾಡಿ ಸಾಕಾಗಿದೆ ಎಂದು ಜಗಲಿಯಲ್ಲೇ ಚಾಪೆ ಹಾಸುತ್ತಿದ್ದ. ಹೀಗೇ ವರ್ಷ ಕಳೆಯಿತು. ಹಾಸಿಗೆಯಲ್ಲಿ ತನ್ನ ಮೈ ತನ್ನ ಮಾತು ಕೇಳುತ್ತಿಲ್ಲ ಎಂಬುದನ್ನು ಕಟ್ಟಿಕೊಂಡವಳಿಗೆ ಹೇಳುವುದಾದರೂ ಹೇಗೆ?

ಊರಿನ ಮೆಡಿಕಲ್ ಸ್ಟೋರಿಗೆ ಎರಡು ಸಲ ಹೋದ. ಅಂಗಡಿಯವನು ವರಸೆಯಲ್ಲಿ ಭಾವಮೈದುನ. ಎರಡು ಸಲವೂ ತಲೆನೋವಿನ ಮಾತ್ರೆ ಕೊಂಡು ವಾಪಸು ಬಂದ. ಹೆದ್ದಾರಿ ಪಕ್ಕ ಟೆಂಟು ಹಾಕಿದ ನಾಟಿ ಔಷಧಿಯವನು ಕೊಟ್ಟ ಲೇಹ್ಯ ತಿಂದು ಹೊಟ್ಟೆ ಕೆಟ್ಟಿತೇ ಹೊರತು ಬೇರೇನೂ ಆಗಲಿಲ್ಲ. ಕೊನೆಗೆ ಮನೆಯಲ್ಲಿ ಓಟಿ, ಹೆಚ್ಚುವರಿ ಕೆಲಸ ಇದೆ ಎಂದು ಸುಳ್ಳು ಹೇಳಿ, ಗುರುತಿನವರು ಸಿಗಲಾರರೆಂದು ಮಂಡ್ಯದ ಡಾಕ್ಟರೊಬ್ಬರ ಬಳಿ ಹೋದ.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಕಾಯಿಲೆ ಯಾವಾಗಲೋ ಬಂದು ಕೂತಿತ್ತು, ಇವನಿಗೇ ಗೊತ್ತಿರಲಿಲ್ಲ. ಅದೇ ರಕ್ತನಾಳ, ನರ ಎರಡನ್ನೂ ಸೊರಗಿಸಿದೆ, ಇದು ಗಂಡಸುತನದ ಪ್ರಶ್ನೆಯಲ್ಲ, ಬಿಪಿಯ ಹಾಗೆ ಇದೂ ಒಂದು ಕಾಯಿಲೆ ಎಂದರು. ಸಕ್ಕರೆ ಹತೋಟಿಗೆ ಬರಬೇಕು, ಬೀಡಿ ಬಿಡಬೇಕು, ಹೃದಯ ಸರಿಯಿದೆಯೇ ನೋಡಿ ಮಾತ್ರೆ ಬರೆಯುತ್ತೇನೆ, ಎಷ್ಟೋ ಜನಕ್ಕೆ ಗುಣ ಕಾಣುತ್ತದೆ, ಮುಂದಿನ ಸಲ ಹೆಂಡತಿಯನ್ನೂ ಕರೆದುಕೊಂಡು ಬನ್ನಿ ಎಂದರು. ಅಯ್ಯೋ, ಅಷ್ಟನ್ನೇ ಅವಳಿಗೆ ಹೇಳಿದ್ದರೆ ಸಾಕಿತ್ತು. ಈ ಪುಣ್ಯಾತ್ಮ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ವಾರ ದೂಡಿದ.

ಅಷ್ಟರಲ್ಲಿ ಅವನು ಇಸ್ತ್ರಿ ಬಟ್ಟೆ ಹಾಕಿಕೊಂಡು ಮಂಡ್ಯದಲ್ಲಿ ಬಸ್ಸಿಳಿದದ್ದನ್ನು ಯಾರೋ ಕಂಡು ಹೆಂಡತಿ ಪುಷ್ಪಾಳ ಕಿವಿಗೆ ಹಾಕಿದ್ದರು. ಓಟಿ ಎಂದು ಹೋದ ದಿನ ಅವನು ರಜೆಯಲ್ಲಿದ್ದ ಎಂಬುದೂ ಅವಳಿಗೆ ಗೊತ್ತಾಯಿತು. ಜಗಲಿಯ ಚಾಪೆಯನ್ನೂ ಸೇರಿಸಿ ಅವಳು ಒಂದು ಲೆಕ್ಕ ಹಾಕಿದಳು. ಭಾನುವಾರ ಕನಕರಾಜು ಧೈರ್ಯ ಮಾಡಿ, ಇವತ್ತು ಹೇಳಿಯೇ ಬಿಡುವುದೆಂದು ಮನೆಗೆ ಬಂದರೆ, ಹಲಗೂರಿನಿಂದ ಮಾವ ಚಿಕ್ಕಬೋರಯ್ಯ ಬಂದು ಕೂತಿದ್ದರು. ಪಕ್ಕದಲ್ಲಿ ನ್ಯಾಯ ಹೇಳಲು ಊರಿನ ಇಬ್ಬರು ಯಜಮಾನರು.

"ಅಳಿಯಂದ್ರೆ, ಸುತ್ತಿ ಬಳಸಿ ಮಾತು ಬ್ಯಾಡ," ಎಂದರು ಮಾವ. "ಮಂಡ್ಯದಲ್ಲಿ ಯಾವಳಾದ್ರೂ ಅವ್ಳಾ?"

ಕನಕರಾಜು ಯೋಚಿಸಿದ. ಇಲ್ಲವೆಂದರೆ ಮತ್ತೆ ಅಲ್ಲಿಗೇಕೆ ಹೋಗಿದ್ದೆ ಎನ್ನುತ್ತಾರೆ. ಈ ಯಜಮಾನರ ಮುಂದೆ ಏನೆಂದು ಬಾಯಿಬಿಡುವುದು? ಇನ್ನೊಬ್ಬಳನ್ನು ಇಟ್ಟುಕೊಂಡವನನ್ನು ಊರು ನಾಲ್ಕು ದಿನ ಬೈದು ಸುಮ್ಮನಾಗುತ್ತದೆ, ಒಳಗೊಳಗೇ ಭೇಷ್ ಎಂದರೂ ಎಂದೀತು. ಕೈಲಾಗದವನನ್ನು ಸಾಯುವ ತನಕ ಆಡಿಕೊಂಡು ನಗುತ್ತದೆ.

"ಅವ್ಳೆ ಒಬ್ಳು," ಎಂದ.

ಪುಷ್ಪಾ ಅಡಿಗೆಮನೆಯಿಂದ ಈಚೆ ಬಂದಳು. "ವರ್ಸದಿಂದ ನನ್ ಮೈಯಲ್ಲೇ ಏನೋ ಐಬೈತೆ ಅಂತ ಕೊರಗ್ತಿದ್ದೆ. ಸುಳ್ಳು ಅಂತ ಒಂದ್ ಮಾತು ಅಂದ್ಬುಡು. ನಂಬ್ಕತೀನಿ."

ಅವನು ಒಮ್ಮೆ ಯಜಮಾನರ ಮುಖ ನೋಡಿದ. ಆಮೇಲೆ ತಲೆ ತಗ್ಗಿಸಿದ. ಅವಳು ಬ್ಯಾಗಿಗೆ ಬಟ್ಟೆ ತುಂಬಿಕೊಂಡು ಅಪ್ಪನ ಹಿಂದೆ ಹಲಗೂರಿಗೆ ಹೊರಟಳು.

ಮಾರನೆಯ ದಿನ ಡಾಕ್ಟರ ಬಳಿಯ ಹುಡುಗಿ ಫೋನ್ ಮಾಡಿ, ನಾಳೆ ಹೆಂಡತಿಯನ್ನೂ ಕರೆದುಕೊಂಡು ಬರುತ್ತೀರಲ್ಲವೇ ಎಂದು ಕೇಳಿದಳು. ಕನಕರಾಜು ಒಲೆ ಹತ್ತದ ಅಡಿಗೆಮನೆಯ ಕಡೆ ನೋಡಿದ.

"ಊ ಕಣವ್ವ, ಇಬ್ರೂ ಬತ್ತೀವಿ," ಎಂದ.