ಬಾದಾಮಿಯ ಮೆಟ್ಟಿಲು, ನನ್ನ ಬುತ್ತಿ

ನಾನು ಬಾದಾಮಿಗೆ ಹನ್ನೊಂದು ಸಲ ಹೋಗಿದ್ದೇನೆ. ಅಲ್ಲಿ ಗುಹೆಗಳ ಮೆಟ್ಟಿಲು ಶುರುವಾಗುವ ಕಡೆ ಗಿಡದ ಕೆಳಗೆ ಒಂದು ಚಪ್ಪಟೆ ಕಲ್ಲಿದೆ. ಮೊಮ್ಮಕ್ಕಳೇ, ಆ ಕಲ್ಲಿನ ಬಗ್ಗೆ ಏನು ಬೇಕಾದರೂ ಕೇಳಿ, ಹೇಳುತ್ತೇನೆ. ಅದರ ಮೇಲೆ ಎಷ್ಟು ಹೊತ್ತಿಗೆ ಬಿಸಿಲು ಬರುತ್ತದೆ, ಯಾವ ಮೂಲೆಯಲ್ಲಿ ಕೂತರೆ ಇರುವೆ ಕಚ್ಚುತ್ತವೆ, ಎಲ್ಲ ಗೊತ್ತು. ಗುಹೆಗಳ ಬಗ್ಗೆ ಮಾತ್ರ ಕೇಳಬೇಡಿ. ಹೋದ ಚಳಿಗಾಲದವರೆಗೆ ನಾನು ಅವುಗಳನ್ನು ನೋಡಿಯೇ ಇರಲಿಲ್ಲ.

ಕಾರಣ ಬುತ್ತಿ. ನಮ್ಮ ಕಡೆ ಹೊಸ್ತಿಲು ದಾಟಿದರೆ ಬುತ್ತಿ ಕಟ್ಟಲೇಬೇಕು. ಬಾಗಲಕೋಟೆಯಿಂದ ಬಾದಾಮಿ ಬೆಳಗಿನ ಚಹಾ ಇಳಿಯುವಷ್ಟರಲ್ಲಿ ಬರುತ್ತದೆ. ಆದರೂ ದಂಡೆತ್ತಿ ಹೊರಟ ಚಾಲುಕ್ಯರ ಸೈನ್ಯಕ್ಕೆ ಸಾಲುವಷ್ಟು ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಮೊಸರನ್ನ ನಮ್ಮ ಮನೆಯಿಂದ ಗಂಟಾಗಿ ಹೊರಡುತ್ತಿದ್ದವು. ಬಾದಾಮಿಯಲ್ಲಿ ಮಂಗಗಳಿವೆ. ಬುತ್ತಿ ಮೇಲೆ ಒಯ್ದರೂ ಬಿಡುವುದಿಲ್ಲ, ಕೆಳಗೆ ಇಟ್ಟು ಹೋದರೂ ಬಿಡುವುದಿಲ್ಲ. ಆದ್ದರಿಂದ ಒಬ್ಬರು ಕೂತು ಕಾಯಬೇಕು. ಯಾರು ಎಂಬ ಚರ್ಚೆ ನಮ್ಮಲ್ಲಿ ಒಮ್ಮೆಯೂ ಆಗಲಿಲ್ಲ; ಅಷ್ಟು ಒಗ್ಗಟ್ಟಿನ ಮನೆತನ ನಮ್ಮದು.

ನಿಮ್ಮ ಅಜ್ಜ ಮೇಲೆ ಹೋಗಿ ಒಂದು ತಾಸಿನ ಮೇಲೆ ಇಳಿದು ಬರುತ್ತಿದ್ದರು.

“ಮ್ಯಾಲೆ ಏನೇನೈತ್ರಿ?” ಎಂದು ಕೇಳುತ್ತಿದ್ದೆ.

“ಭಾಳ ದೊಡ್ಡ ಕೆಲಸ ಮಾಡ್ಯಾರ. ಚಾಲುಕ್ಯರಂದ್ರ ಏನಂತ ತಿಳದಿ? ಹಿಂಡಿ ಎಲ್ಲಿಟ್ಟಿ?”

ನನ್ನ ಪಾಲಿನ ಇತಿಹಾಸ ಅಲ್ಲಿಗೆ ಮುಗಿಯುತ್ತಿತ್ತು.

ಬೇರೆ ಊರುಗಳ ಕಥೆಯೂ ಅಷ್ಟೇ. ಮಹಾಕೂಟದಲ್ಲಿ ಗಂಡಸರು ಹೊಂಡದಲ್ಲಿ ಮುಳುಗಿ ಪುಣ್ಯ ಕಟ್ಟಿಕೊಳ್ಳುವಾಗ ನಾನು ಅವರ ಗಡಿಯಾರ, ಚಪ್ಪಲಿ, ಬುತ್ತಿ ಕಾದೆ. ಇಳಕಲ್ಲಿನಲ್ಲಿ ಸೀರೆಯ ಒಡಲಿಗೆ ಸೆರಗನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರಲ್ಲ, ಅದನ್ನು ಮಗ್ಗದ ಮುಂದೆ ನಿಂತು ನೋಡುವ ಆಸೆ ನನಗಿತ್ತು. ನಿಮ್ಮ ಅಜ್ಜ ತಾವೇ ಹೋಗಿ ನೋಡಿ ಬಂದು, “ನೀ ದಿನಾ ಉಡ್ತೀಯಲ್ಲ, ಅದರಾಗ ನೋಡೂದೇನೈತಿ?” ಎಂದರು. ಹುನಗುಂದದ ದಾರಿಯಲ್ಲಿ ಅಮೀನಗಡ ಬಂದರೆ ಬಸ್ಸಿನ ಕಿಟಕಿಯಿಂದಲೇ ಕರದಂಟು ಕೊಳ್ಳುತ್ತಿದ್ದೆವು. ಬೆಲ್ಲ, ಕೊಬ್ಬರಿ, ಅಂಟು ಯಾವುದು ಎಷ್ಟು ಬಿದ್ದಿದೆ ಎಂದು ಒಂದು ತುಣುಕು ಬಾಯಿಗೆ ಹಾಕಿಕೊಂಡು ಹೇಳಬಲ್ಲೆ. ಅಮೀನಗಡದಲ್ಲಿ ಅದರ ಹೊರತು ಇನ್ನೇನಿದೆ ಎಂದು ಇವತ್ತಿಗೂ ಗೊತ್ತಿಲ್ಲ. ಚೊಳಚಗುಡ್ಡದ ಬನಶಂಕರಿಯಲ್ಲಿ ಹೆಣ್ಣುಮಕ್ಕಳು ಬುಟ್ಟಿಯ ತುಂಬ ರೊಟ್ಟಿ, ಪುಂಡಿಪಲ್ಯ, ಕುಡಿಕೆಯಲ್ಲಿ ಗಟ್ಟಿ ಮೊಸರು ಹೊತ್ತು ತಂದು, “ಊಟಕ್ಕ ಕುಂಡ್ರಬರ್ರಿ ಎಕ್ಕಾ” ಎಂದು ಕರೆಯುತ್ತಾರೆ. ಅವರ ಎದುರಿಗೇ ಕೂತು ನಾವು ನಮ್ಮ ಗಂಟು ಬಿಚ್ಚುತ್ತಿದ್ದೆವು. ಅಂಥ ಮರ್ಯಾದಸ್ಥರು ನಾವು.

ಇನ್ನು ನನ್ನ ಸುಳ್ಳಿನ ವಿಷಯ. ನಾನು ಹುನಗುಂದದ ಹತ್ತಿರದ ಹಳ್ಳಿಯ ಸಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ನಮ್ಮ ಇತಿಹಾಸದ ಪುಸ್ತಕದಲ್ಲಿ ಬಾದಾಮಿಯ ಗುಹೆಯ ಒಂದು ಚಿತ್ರವಿತ್ತು. ಮಸಿ ಮೆತ್ತಿ, ಕತ್ತಲಲ್ಲಿ ಯಾರೋ ಕೈ ಎತ್ತಿದಂತೆ ಕಾಣುತ್ತಿತ್ತು. ಆ ಕೈ ಯಾರದೆಂದು ಒಮ್ಮೆ ನೋಡಬೇಕು ಎಂಬುದು ಆಗಿನ ಆಸೆ. ನೀವು ಸಣ್ಣವರಿದ್ದಾಗ “ಆಯಿ, ಗುಹೆದಾಗ ಏನೈತಿ?” ಎಂದು ಕೇಳಿದಿರಿ. ನೋಡಿಲ್ಲ ಎನ್ನಲು ನಾಚಿಕೆಯಾಯಿತು. “ಹದಿನಾರು ಕೈಯಿನ ಶಿವ ಕುಣೀತಾನ” ಎಂದೆ; ಅದೂ ನಿಮ್ಮ ಅಜ್ಜ ಊಟದ ನಡುವೆ ಉದುರಿಸಿದ ಮಾತು. ಮುಂದೆ ನಿಮ್ಮಲ್ಲಿ ದೊಡ್ಡವಳು ಪುಸ್ತಕ ತಂದು ಹದಿನೆಂಟು ಕೈ ತೋರಿಸಿದಳು. “ನಾ ನೋಡಿದಾಗ ಹದಿನಾರೇ ಇದ್ದವು” ಎಂದುಬಿಟ್ಟೆ.

ಹೋದ ಚಳಿಗಾಲ ಮೊಣಕಾಲು ತೋರಿಸಲು ದವಾಖಾನೆಗೆ ಹೋದಾಗ ಡಾಕ್ಟರು, “ಮೆಟ್ಟಲಾ ಗಿಟ್ಟಲಾ ಹತ್ತೂದಿದ್ರ ಈ ವರ್ಷ ಹತ್ರೆವ್ವಾ, ಮುಂದಿಂದು ನಾ ಹೇಳಂಗಿಲ್ಲ” ಎಂದರು. ಅದೇ ವಾರ ನಿಮ್ಮ ಅಪ್ಪ ಬಾದಾಮಿಗೆ ಹೋಗೋಣ ಎಂದ. ಫೋನಿನಲ್ಲಿ ಎಲ್ಲರೂ ಕೂಡಿ ಒಂದು ಮಾತು ಮಾಡಿಕೊಂಡೆವು: ಈ ಸಲ ಬುತ್ತಿ ಇಲ್ಲ, ಊಟ ಬನಶಂಕರಿಯಲ್ಲಿ. ಬುತ್ತಿ ಇಲ್ಲದಿದ್ದರೆ ಕಾಯುವವರೂ ಬೇಕಿಲ್ಲ. ಹಿಂದೆ ನೋಡಿದವಳಂತೆ ಮುಖ ಮಾಡಿಕೊಂಡು ಎಲ್ಲರ ಜೊತೆ ಹತ್ತಿಬಿಡಬಹುದು. ಸುಳ್ಳೂ ಉಳಿಯುತ್ತದೆ, ಗುಹೆಯೂ ಸಿಗುತ್ತದೆ ಎಂದುಕೊಂಡೆ.

ಬಸ್ಸಿನಲ್ಲಿ ಬಾದಾಮಿಗೆ ಬಂದು ಗುಹೆಗಳ ಬುಡದಲ್ಲಿ ನಿಂತೆವು. ನಿಮ್ಮ ಅಪ್ಪ ಟಿಕೇಟು ತರಲು ಹೋದ. ಅಷ್ಟರಲ್ಲಿ ನನ್ನ ನಾದಿನಿ, ಎಂದರೆ ನಿಮ್ಮ ಹುನಗುಂದದ ಅಜ್ಜಿ, ಸೆರಗಿನ ಮರೆಯಿಂದ ಒಂದು ಗಂಟು ಹೊರಗೆ ತೆಗೆದಳು.

“ಭಾಳಿಲ್ರೀ ವೈನಿ, ಹತ್ತು ರೊಟ್ಟಿ. ಹುಡುಗ್ರು ಹಸದ್ವಂದ್ರ ಏನ್ ಮಾಡೂದು?”

ನಿಮ್ಮ ಅವ್ವ ತಲೆ ತಗ್ಗಿಸಿ ತನ್ನ ಚೀಲದ ಜಿಪ್ಪು ಎಳೆದಳು. “ನಾನೂ ಒಂದೀಟು ಚಪಾತಿ ತಂದೇನಿ. ಬೈಬ್ಯಾಡ್ರಿ ಅತ್ತಿ.”

ಇಬ್ಬರ ಬುದ್ಧಿಯನ್ನೂ ಆಡಿಕೊಳ್ಳಬೇಕೆಂದು ನನಗೆ ಬಹಳ ಅನಿಸಿತು. ಆದರೆ ನನ್ನ ಚೀಲದಲ್ಲಿ ಹದಿನೈದು ರೊಟ್ಟಿ, ಒಂದು ಡಬ್ಬಿ ಸಿಹಿ ಮಾದಲಿ, ಒಂದು ಗಡಿಗೆ ಮೊಸರು ಇದ್ದವು. ಬೆಳಗಾಗುವ ಮೊದಲೇ ಎದ್ದು ರೊಟ್ಟಿ ಬಡಿದಿದ್ದೆ. ಬೇಡವೆಂದು ಮನಸ್ಸು ಹೇಳುತ್ತಲೇ ಇತ್ತು. ಕೈಗಳು ಕೇಳಿದರೆ ತಾನೆ?

ಗೋಡೆಯ ಮೇಲೆ ಮಂಗಗಳು ಸಾಲಾಗಿ ಕೂತು ನಮ್ಮ ಮೂರು ಗಂಟುಗಳನ್ನು ಲೆಕ್ಕ ಹಾಕುತ್ತಿದ್ದವು. ನಿಮ್ಮ ಅಪ್ಪ ಟಿಕೇಟು ಹಿಡಿದುಕೊಂಡು ಬಂದ. ನನ್ನದೊಂದು ತಂದಿರಲಿಲ್ಲ.

“ಅವ್ವಾ, ನೀ ಹೆಂಗಿದ್ರೂ ನೋಡಿದಾಕಿ. ಇಲ್ಲೇ ಕುಂಡ್ರು, ಮೊಣಕಾಲಿಗೂ ಆರಾಮ.”

“ಹೌದು ಆಯಿ, ನೀ ಹತ್ತು ಸಲ ನೋಡೀಯಲ್ಲ!” ಎಂದಳು ನಿಮ್ಮಲ್ಲಿ ದೊಡ್ಡವಳು.

ಅವರು ಹೇಳಿ ಮುಗಿಸುವ ಮೊದಲೇ ನಾನು ಕಲ್ಲಿನ ಮೇಲೆ ಕೂತಾಗಿತ್ತು. ಮೂರೂ ಗಂಟು ಮಡಿಲಿಗೆ ಬಂದವು. ನೀವೆಲ್ಲ ಮೆಟ್ಟಿಲು ಹತ್ತತೊಡಗಿದಿರಿ. ನಾನು ಕರೆದೆ, ದನಿ ಬಾಯಿಂದಾಚೆ ಬರಲಿಲ್ಲ. ಅಂಗಡಿಯಲ್ಲಿ ಉಪ್ಪು ಕೇಳಲೂ ಹಿಂದೆ ಮುಂದೆ ನೋಡುವವಳು ನಾನು. ಮತ್ತೊಮ್ಮೆ ಕೂಗಿದೆ.

“ನಾ ನೋಡಿಲ್ಲ!”

ಮೊದಲು ತಿರುಗಿ ನೋಡಿದವರು ಯಾರೋ ಪರವೂರಿನವರು. ಆಮೇಲೆ ನಾದಿನಿ. “ಏನ್ ನೋಡಿಲ್ರೀ ವೈನಿ?”

“ಗುಹೆ. ಒಂದೂ ನೋಡಿಲ್ಲ. ಪ್ರತಿ ಸಲ ಇಲ್ಲೇ ಕುಂತೇನಿ.”

“ಮತ್ತ ಹದಿನಾರು ಕೈ?” ಎಂದು ಸಣ್ಣವಳು ಕೇಳಿದಳು.

“ನಿಮ್ಮ ಅಜ್ಜ ಹೇಳಿದ್ದು.”

ನಾದಿನಿ ಸೆರಗು ಬಾಯಿಗೆ ಹಚ್ಚಿ ನಕ್ಕಳು. “ನಮ್ಮ ಅಣ್ಣಗ ಎಣಸಾಕ ಯಾವಾಗ ಬಂದಿತ್ರೀ!” ನಗುತ್ತಲೇ ಇಳಿದು ಬಂದು ಗಂಟುಗಳನ್ನು ನನ್ನ ಮಡಿಲಿನಿಂದ ಎತ್ತಿ ನಿಮ್ಮ ಅಪ್ಪನ ಕೈಗೆ ಹಾಕಿದಳು. “ಹಿಡಿಯಪ್ಪಾ. ಒಮ್ಮೆ ನೀ ಕಾಯಿ.”

“ನಾನಾ? ನನ್ನ ಟಿಕೇಟು ತಗೊಂಡಾಗೇತಲ್ಲ ಅತ್ತಿ!”

“ಅದನ್ನ ನನಗ ಕೊಡು,” ಎಂದೆ. ಹಾಗೆ ಕೈ ಚಾಚಿದ್ದು ನಾನೇ ಎಂದು ತಿಳಿಯಲು ನನಗೇ ಸ್ವಲ್ಪ ಹೊತ್ತು ಹಿಡಿಯಿತು.

ಮೆಟ್ಟಿಲಿಗೊಂದು ದೇವರ ಹೆಸರು ಹೇಳುತ್ತ ಹತ್ತಿದೆ. ಮೊದಲ ಗುಹೆಯಲ್ಲೇ ಶಿವ ಕುಣಿಯುತ್ತಿದ್ದ. ನೀವಿಬ್ಬರೂ ಬೆರಳು ಮಾಡಿ ಎಣಿಸಿ ಹದಿನೆಂಟು ಎಂದಿರಿ. “ಸಾಲಿ ಪುಸ್ತಕ ಖರೆ ಐತಿ ಬಿಡ್ರಿ” ಎಂದು ಒಪ್ಪಿಕೊಂಡೆ. ಸಾಲೆಯ ಚಿತ್ರದಲ್ಲಿ ಕಂಡದ್ದು ಇವನ ಯಾವ ಕೈ ಎಂದು ಹುಡುಕಲು ಹೋಗಲಿಲ್ಲ. ಕೆಂಪು ಬಂಡೆಯ ಮೇಲೆ ಅವು ಒಂದೇ ಸಲಕ್ಕೆ ಅಲ್ಲಾಡಿದಂತೆ ಕಂಡು ನಾನು ಕಂಬ ಹಿಡಿದುಕೊಂಡೆ.

ಮೂರನೆಯದರಲ್ಲಿ ವಿಷ್ಣು ಸುರುಳಿ ಸುತ್ತಿದ ಹಾವಿನ ಮೇಲೆ ಆರಾಮಾಗಿ ಕೂತಿದ್ದಾನೆ. ಗೈಡ್ ಒಬ್ಬ ಯಾವ ಅರಸ, ಯಾವ ಕಾಲ ಎಂದು ಪಾಠ ಒಪ್ಪಿಸುತ್ತಿದ್ದ. ನಾನು ಕಂಬಗಳ ನೆತ್ತಿಯ ಕಡೆ ನೋಡಿದೆ. ಅಲ್ಲಿ ಗಂಡ ಹೆಂಡಿರು ಜೋಡಿ ಜೋಡಿಯಾಗಿ ಹೆಗಲ ಮೇಲೆ ಕೈ ಹಾಕಿಕೊಂಡು ಗಿಡದ ನೆರಳಿನಲ್ಲಿ ನಿಂತಿದ್ದಾರೆ. ಒಬ್ಬಳ ಕೈಯಲ್ಲೂ ಗಂಟಿಲ್ಲ. ಇಷ್ಟೆಲ್ಲ ನೋಡಿಯೂ ನಿಮ್ಮ ಅಜ್ಜ ಕೆಳಗೆ ಬಂದು ನನಗೊಂದು ಮಾತು ಹೇಳಲಿಲ್ಲವಲ್ಲ ಎಂದು ಸಿಟ್ಟು ಬಂತು. ಅವರು ಇದ್ದಿದ್ದರೆ ಅಲ್ಲೇ ಜಗಳ ತೆಗೆಯುತ್ತಿದ್ದೆ. ಇಲ್ಲವಲ್ಲ ಎಂದು ನೆನಪಾಗಿ ಸುಮ್ಮನೆ ಕಣ್ಣು ಒರೆಸಿಕೊಂಡೆ. ಧೂಳು ಎಂದು ನಿಮ್ಮ ಅವ್ವ ತಿಳಿದಳು. ಇರಲಿ ಎಂದು ಬಿಟ್ಟೆ.

ಅಷ್ಟರಲ್ಲಿ ನಾದಿನಿಯ ಫೋನು ಬಡಿದುಕೊಂಡಿತು. ಕೆಳಗಿನಿಂದ ನಿಮ್ಮ ಅಪ್ಪ. ಅವನ ದನಿ ನಮಗೆಲ್ಲ ಕೇಳುತ್ತಿತ್ತು.

“ಎಷ್ಟ್ಹೊತ್ತು? ಮಂಗ್ಯಾ ಮೊಸರಿನ ಗಡಿಗಿ ಒಯ್ತು. ಹೊಟ್ಟಿ ಹಸದೈತಿ, ಇಳದ್ ಬರ್ರಿ ಲಗೂನ!”

ನಾದಿನಿ ನನ್ನ ಮುಖ ನೋಡಿದಳು. “ಏನ್ ಹೇಳ್ಲಿ ವೈನಿ?”

ನಾಲ್ಕನೆಯ ಗುಹೆ ಇನ್ನೂ ಮೇಲಿತ್ತು.

“ರೊಟ್ಟಿ ಅವನ ಕಡೇನ ಅದಾವ, ತಿನ್ನಾಕ ಹೇಳು,” ಎಂದು ನಾನು ಗೋಡೆ ಹಿಡಿದು ಮೆಟ್ಟಿಲಿಗೆ ಕಾಲಿಟ್ಟೆ.